ಕಡಲ ತಳಕ್ಕೆ ದಾರಿ ಮಾಡಿದ ಕುಶಲಕರ್ಮಿ: ಆಗಸ್ಟಸ್ ಸೀಬ್

ನಮ್ಮ ಹಳ್ಳಿಗಳಲ್ಲಿ ಈಜು ಕಲಿಯುವ ಹುಡುಗನ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನು ಕಟ್ಟಿ ಬಾವಿಗೆ ಇಳಿಸುವುದು ಹಿಂದಿನಿಂದ ಬಂದ ಪದ್ಧತಿ. ಬುರುಡೆಯೊಳಗಿನ ಗಾಳಿ ಅವನನ್ನು ತೇಲಿಸುತ್ತದೆ. ಅದೇ ಹುಡುಗನು ಮುಂದೆ ಬಾವಿಗೆ ಬಿದ್ದ ಕೊಡವನ್ನು ಎತ್ತಿ ತರಬೇಕಾದರೆ ಬುರುಡೆಯನ್ನು ಬಿಚ್ಚಿಟ್ಟು ಮುಳುಗಬೇಕು. ತೇಲುವುದು ಒಂದು ವಿದ್ಯೆ, ಮುಳುಗುವುದು ಮತ್ತೊಂದು ವಿದ್ಯೆ. ಆದರೆ ಕಡಲಿನ ತಳದಲ್ಲಿ ಗಂಟೆಗಟ್ಟಲೆ ನಿಂತು ದುಡಿದು ಜೀವಂತವಾಗಿ ಮೇಲೆ ಬರಬೇಕೆನ್ನುವವನಿಗೆ ಇವೆರಡೂ ಒಂದೇ ಉಡುಪಿನಲ್ಲಿ ಕೂಡಿ ಬರಬೇಕು. ಅಂಥ ಉಡುಪನ್ನು ಸಿದ್ಧಪಡಿಸಿ ಲೋಕಕ್ಕೆ ಕೊಟ್ಟವನು ಆಗಸ್ಟಸ್ ಸೀಬ್.

ಈತನು 1788ರಲ್ಲಿ ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ ಜನಿಸಿದನು. ಬರ್ಲಿನ್ ನಗರದಲ್ಲಿ ಲೋಹದ ಎರಕದ ಕೆಲಸವನ್ನು ಕಲಿತನು. ಯೂರೋಪನ್ನೇ ನಡುಗಿಸಿದ ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಪ್ರಷ್ಯದ ಸೈನ್ಯದ ಫಿರಂಗಿ ದಳವನ್ನು ಸೇರಿ ಹೋರಾಡಿದನು. ಯುದ್ಧದ ದಿನಗಳು ಕಳೆದ ಮೇಲೆ ಲಂಡನ್ನಿಗೆ ಬಂದು, ಕಾಲಾಂತರದಲ್ಲಿ ಸೋಹೋ ಭಾಗದ ಡೆನ್ಮಾರ್ಕ್ ಬೀದಿಯಲ್ಲಿ ಕಾರ್ಖಾನೆ ಹೂಡಿದನು. ಪಂಪುಗಳು, ತೂಕದ ಯಂತ್ರಗಳು, ಕಾಗದ ಮಾಡುವ ಯಂತ್ರಗಳು ಹೀಗೆ ಅವನ ಕೈ ಆಡದ ಕೆಲಸವಿರಲಿಲ್ಲ. ಮುಂದೆ ಜೇಮ್ಸ್ ಹ್ಯಾರಿಸನ್ ಎಂಬುವನ ಯೋಜನೆಯಂತೆ ಮಂಜುಗಡ್ಡೆ ಮಾಡುವ ಯಂತ್ರವನ್ನು ನಿರ್ಮಿಸಿದವನೂ ಇವನೇ.

ಸೀಬನ ಹೆಸರಿನೊಡನೆ ಚಾರ್ಲ್ಸ್ ಡೀನ್ ಮತ್ತು ಜಾನ್ ಡೀನ್ ಎಂಬ ಸಹೋದರರನ್ನೂ ನೆನೆಯದಿದ್ದರೆ ನ್ಯಾಯವಾಗದು. ಬೆಂಕಿ ಬಿದ್ದ ಮನೆಯೊಳಕ್ಕೆ ನುಗ್ಗುವವರಿಗಾಗಿ ಚಾರ್ಲ್ಸ್ ಡೀನನು 1823ರಲ್ಲಿ ಒಂದು ಶಿರಸ್ತ್ರಾಣಕ್ಕೆ ಪೇಟೆಂಟು ಪಡೆದಿದ್ದನು. ಹೊರಗಿನಿಂದ ಕೊಳವೆಯ ಮೂಲಕ ಅದಕ್ಕೆ ಗಾಳಿಯೂದುವ ಏರ್ಪಾಡಿತ್ತು. ಹೊಗೆಯಲ್ಲಿ ಉಸಿರಾಡಿಸುವ ಸಾಧನವು ನೀರಿನಲ್ಲಿಯೂ ಏಕೆ ಉಪಯೋಗಕ್ಕೆ ಬಾರದೆಂದು ಆ ಸಹೋದರರು ಯೋಚಿಸಿದರು. ಸುಮಾರು 1830ರ ಹೊತ್ತಿಗೆ ಅವರಿಗೆ ಶಿರಸ್ತ್ರಾಣವನ್ನು ಮಾಡಿಕೊಟ್ಟವನು ಸೀಬ್. ಆ ಉಡುಪು ಸೊಂಟದ ಬಳಿ ತೆರೆದಿತ್ತು. ಮೇಲಿನಿಂದ ಬಂದ ಗಾಳಿಯು ಅಂಚಿನ ಕೆಳಗಿನಿಂದ ಹೊರಬೀಳುತ್ತಿತ್ತು. ನೆಟ್ಟಗೆ ನಿಂತವನಿಗೆ ಭಯವಿಲ್ಲ. ಆದರೆ ಕಾಲುಜಾರಿ ಬಿದ್ದರೆ ಗಾಳಿಯು ಸರಕ್ಕನೆ ಹೊರಗೋಡಿ, ನೀರು ಮುಖದವರೆಗೂ ನುಗ್ಗುತ್ತಿತ್ತು. ಕೆಲಸಗಾರನು ಬಗ್ಗದೆ ಕೆಲಸ ಮಾಡುವುದುಂಟೇ?

ಇದಕ್ಕೆ ಪರಿಹಾರ ದೊರೆತದ್ದು ಒಂದು ಮುಳುಗಿದ ಹಡಗಿನ ಸನ್ನಿಧಿಯಲ್ಲಿ. ರಾಯಲ್ ಜಾರ್ಜ್ ಎಂಬ ಯುದ್ಧನೌಕೆಯು 1782ರಲ್ಲಿ ಪೋರ್ಟ್ಸ್‌ಮತ್ ಬಳಿಯ ಸ್ಪಿಟ್‌ಹೆಡ್‌ನಲ್ಲಿ ನೂರಾರು ಜನರೊಡನೆ ಮುಳುಗಿ, ಇತರ ಹಡಗುಗಳಿಗೆ ಕಂಟಕವಾಗಿ ಬಿದ್ದಿತ್ತು. ಅದನ್ನು ತೆರವು ಮಾಡುವ ಕೆಲಸವನ್ನು ಕರ್ನಲ್ ಪ್ಯಾಸ್ಲಿ 1839ರಲ್ಲಿ ಕೈಗೊಂಡನು. ಶಿರಸ್ತ್ರಾಣದ ಕೊರಳಪಟ್ಟಿಗೆ ಉಡುಪನ್ನು ಬಿಗಿದು, ಅಡಿಯಿಂದ ಮುಡಿಯವರೆಗೆ ನೀರು ಸೇರದಂತೆ ಮುಚ್ಚಿದ ಸೀಬನ ಹೊಸ ಉಡುಪು ಅಲ್ಲಿ ಪರೀಕ್ಷೆಗೊಳಗಾಗಿ, ತಿದ್ದುಪಡಿಗಳನ್ನು ಪಡೆದು, ಗೆದ್ದಿತು. ಮುಳುಗುವವರ ಅನುಭವವು ಕಾರ್ಖಾನೆಗೆ ಬರುತ್ತಿತ್ತು. ಕಾರ್ಖಾನೆಯ ತಿದ್ದುಪಡಿಯು ಕಡಲಿಗೆ ಇಳಿಯುತ್ತಿತ್ತು.

ಈ ಉಡುಪಿನ ಒಳಗುಟ್ಟನ್ನು ಸ್ವಲ್ಪ ವಿಚಾರಿಸೋಣ. ಇಂಗ್ಲೆಂಡಿನ ಕಡಲು ತಣ್ಣಗಿನದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಹೀರುತ್ತದೆ. ಆದುದರಿಂದ ಮುಳುಗುವವನು ಒಳಗೆ ದಪ್ಪ ಉಣ್ಣೆಯ ಬಟ್ಟೆ ಧರಿಸಬೇಕು. ಉಣ್ಣೆಯ ಎಳೆಗಳ ನಡುವೆ ಗಾಳಿ ನಿಲ್ಲಬೇಕು. ಆ ಗಾಳಿಯೇ ಅವನನ್ನು ಬೆಚ್ಚಗಿಡುತ್ತದೆ, ಆ ಗಾಳಿಯೇ ಅವನನ್ನು ಮೇಲಕ್ಕೂ ಎತ್ತುತ್ತದೆ. ಚಳಿಗೆ ಅಂಜಿ ಗಾಳಿಯನ್ನು ಹೆಚ್ಚಿಸಿದಷ್ಟೂ ಸೀಸವನ್ನೂ ಹೆಚ್ಚಿಸಬೇಕು. ಮುಂದೆ ರೂಢಿಗೆ ಬಂದ ಉಡುಪಿನಲ್ಲಿ ಎದೆಗೂ ಬೆನ್ನಿಗೂ ಸುಮಾರು 18 ಕಿಲೋಗ್ರಾಮಿನ ಒಂದೊಂದು ಸೀಸದ ತೂಕ, ಒಂದೊಂದು ಪಾದರಕ್ಷೆಯಲ್ಲಿ ಸುಮಾರು 8 ಕಿಲೋಗ್ರಾಂ. ಎಲ್ಲವೂ ಸೇರಿ 80 ಕಿಲೋಗ್ರಾಮಿನ ಹೊರೆ! ಆ ತೂಕವನ್ನು ಎಲ್ಲಿ ಕಟ್ಟಬೇಕೆಂಬುದೂ ಅಷ್ಟೇ ಮುಖ್ಯ. ಪಾದಗಳಿಗೆ ಭಾರವಿಲ್ಲದೆ ಕಾಲುಚೀಲದೊಳಕ್ಕೆ ಗಾಳಿ ಏರಿತೆಂದರೆ ಮನುಷ್ಯನು ತಲೆಕೆಳಗಾಗಿ ಮೇಲಕ್ಕೆ ಹಾರುತ್ತಾನೆ. ಹತ್ತು ಮೀಟರು ಇಳಿದೊಡನೆ ಒತ್ತಡವು ಇಮ್ಮಡಿಯಾಗಿ ಉಡುಪಿನ ಗಾಳಿಯು ಅರ್ಧಕ್ಕೆ ಕುಗ್ಗುತ್ತದೆ; ಮೇಲಿನವರು ಮತ್ತೆ ಗಾಳಿ ಒತ್ತಬೇಕು. ಗಾಳಿ ಹೆಚ್ಚಾದರೆ ಶಿರಸ್ತ್ರಾಣದ ತೂಬಿನಿಂದ ಹೊರಬಿಡಬೇಕು.

ಉಡುಪು ಗೆದ್ದರೂ ಎಲ್ಲ ಕಷ್ಟವೂ ತೀರಲಿಲ್ಲ. ಪ್ಯಾಸ್ಲಿಯ ಮುಳುಗುವವರು ಕೀಲುನೋವಿನಿಂದಲೂ ಶೀತದಿಂದಲೂ ಮತ್ತೆ ಮತ್ತೆ ನರಳಿದರು. ಒತ್ತಡದಲ್ಲಿ ರಕ್ತಕ್ಕೆ ಸೇರಿದ ಗಾಳಿಯು ಬೇಗನೆ ಮೇಲೆ ಬಂದಾಗ ಗುಳ್ಳೆಯಾಗುವುದೂ ಇಂಥ ನೋವಿಗೆ ಕಾರಣವಾಗುತ್ತದೆಂಬುದು ಅಂದು ತಿಳಿದಿರಲಿಲ್ಲ. ಹಂತಹಂತವಾಗಿ ಮೇಲೇರುವ ಕ್ರಮವನ್ನು ಜಾನ್ ಸ್ಕಾಟ್ ಹಾಲ್ಡೇನನು ಪ್ರಕಟಿಸಿದ್ದು 1908ರಲ್ಲಿ.

1943ರಲ್ಲಿ ಕುಸ್ತೋ ಮತ್ತು ಗಾನ್ಯಾನ್ ಎಂಬ ಫ್ರೆಂಚರು ಬೆನ್ನ ಮೇಲಿನ ಸಿಲಿಂಡರಿನಿಂದಲೇ ಉಸಿರಾಡುವ ಸಾಧನವನ್ನು ರೂಪಿಸಿದ ಮೇಲೆ ಮುಳುಗುವವನು ಕೊಳವೆಯ ಬಂಧನದಿಂದ ಬಿಡುಗಡೆ ಹೊಂದಿದನು. ಆದರೆ ಸೀಬನ ಲೆಕ್ಕದಿಂದ ಇಂದಿಗೂ ಬಿಡುಗಡೆಯಿಲ್ಲ. ತಣ್ಣೀರಿಗೆ ಇಳಿಯುವವನು ನೀರು ಸೇರದ ಉಡುಪನ್ನೂ ದಪ್ಪ ಒಳಬಟ್ಟೆಯನ್ನೂ ಆರಿಸಿದರೆ, ತೆಳು ಉಡುಪಿನ ದಿನ ಕಟ್ಟಿದ ಸೀಸವು ಅವನಿಗೆ ಸಾಲದು. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿದರೆ ಆ ಗಾಳಿಯೇ ಸುಮಾರು 3 ಕಿಲೋಗ್ರಾಂ ತೂಗುತ್ತದೆ. ಉಸಿರಾಡಿದಂತೆ ಅದು ಕರಗುವುದರಿಂದ, ಸಿಲಿಂಡರು ಬರಿದಾಗುವ ಹೊತ್ತಿಗೂ ಮೇಲ್ಮೈಯ ಹತ್ತಿರ ಅಲುಗದೆ ನಿಲ್ಲುವಷ್ಟು ಸೀಸವಿರಬೇಕು. ಹಾಗೆಂದು ಮಿತಿಮೀರಿ ಕಟ್ಟಿಕೊಂಡರೆ, ಅದನ್ನು ಎತ್ತಿ ಹಿಡಿಯಲು ಗಾಳಿಚೀಲಕ್ಕೆ ಹೆಚ್ಚು ಗಾಳಿ ತುಂಬಬೇಕಾಗುತ್ತದೆ. ಮೇಲೇರುವಾಗ ಅದು ಉಬ್ಬಿ ಮನುಷ್ಯನನ್ನು ಅಪಾಯದ ವೇಗದಲ್ಲಿ ಎಳೆದೊಯ್ಯುತ್ತದೆ. ಆಪತ್ತಿನಲ್ಲಿ ಒಂದು ಕೈಯಿಂದ ಕಳಚಿ ಬಿಸುಡುವಂತೆ ಸ್ವಲ್ಪ ಸೀಸವನ್ನಾದರೂ ಕಟ್ಟಿರಬೇಕು.

1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಪದಕವನ್ನು ಪಡೆದ ಸೀಬ್, ವೃದ್ಧಾಪ್ಯದಲ್ಲಿ ಕೆಲಸವನ್ನು ಮಗನಿಗೂ ಅಳಿಯ ಗಾರ್ಮನ್ನನಿಗೂ ಒಪ್ಪಿಸಿ, 1872ರಲ್ಲಿ ಲಂಡನ್ನಿನಲ್ಲಿ ನಿಧನನಾದನು. ಸೀಬ್ ಗಾರ್ಮನ್ ಎಂಬ ಹೆಸರು ಇಪ್ಪತ್ತನೆಯ ಶತಮಾನದಲ್ಲಿಯೂ ಶಿರಸ್ತ್ರಾಣಗಳ ಮೇಲೆ ಮೆರೆಯಿತು.

ಮಿತ್ರರೇ, ನನ್ನ ತಂದೆಯವರು ಕುಲುಮೆಯಲ್ಲಿ ದುಡಿಯುವವರು, ಓದುಬರಹ ಅರಿಯರು. ಗುದ್ದಲಿಗೆ ಹಿಡಿ ಹಾಕುವ ಮುನ್ನ ಅದನ್ನು ಬಳಸುವವನ ಎತ್ತರವನ್ನು ಒಮ್ಮೆ ಕಣ್ಣಿನಿಂದ ಅಳೆಯುವುದು ಅವರ ರೂಢಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ವಿದ್ಯೆಯೆಲ್ಲವೂ ಪುಸ್ತಕದಲ್ಲಿಯೇ ಇದೆಯೆಂಬ ಭ್ರಮೆ ಕೆಲಕಾಲ ನನಗೂ ಇತ್ತು. ಸೀಬನ ಚರಿತ್ರೆಯು ಅದನ್ನು ಬಿಡಿಸಿತು. ಉಪಕರಣವನ್ನು ಮಾಡುವವನ ಕೈಯಲ್ಲಿ ಅದನ್ನು ತೊಡುವವನ ಪ್ರಾಣವಿರುತ್ತದೆ. ಆ ಹೊಣೆಯನ್ನು ಅರಿತು ಮಾಡಿದ ಕೆಲಸವು ಯಾವ ಪದವಿಗೂ ಕಡಿಮೆಯಾದುದಲ್ಲ.