ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ

ಶರಾವತಿ ತೀರದ ಗೇರುಸೊಪ್ಪೆಯನ್ನು ರಾಜಧಾನಿಯಾಗಿಸಿಕೊಂಡು 1552ರಿಂದ 1606ರವರೆಗೆ, ಅಂದರೆ 54 ವರ್ಷ, ರಾಜ್ಯಭಾರ ಮಾಡಿದವಳು ಜೈನ ರಾಣಿ ಚೆನ್ನಭೈರಾದೇವಿ. ಸಾಳುವ ವಂಶದ ಈಕೆ ವಿಜಯನಗರದ ಸಾಮಂತಳಾಗಿದ್ದಳು. ಘಟ್ಟದ ಕಾಳುಮೆಣಸು ನದಿಯ ದಾರಿಯಲ್ಲಿ ಹೊನ್ನಾವರಕ್ಕೆ ಇಳಿದು ಹಡಗೇರುತ್ತಿತ್ತು. ಭಟ್ಕಳವೂ ಆಕೆಯ ಬಂದರು. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಎಂದೇ ಕರೆದರು. ಸಂಪತ್ತು ತಂದ ಆ ಬೆಳೆಯೇ ಸಂಕಟವನ್ನೂ ತಂದಿತು.

ಕಡಲಲ್ಲಿ ಸಾಗುವ ಹಡಗುಗಳೆಲ್ಲ ತಮ್ಮಿಂದ ಕಾರ್ತಾಜ್ ಎಂಬ ರಹದಾರಿ ಪತ್ರ ಪಡೆಯಬೇಕೆಂಬುದು ಪೋರ್ಚುಗೀಸರ ಕಟ್ಟಳೆ. ಪತ್ರವಿಲ್ಲದಿದ್ದರೆ ಹಡಗೂ ಸರಕೂ ಜಪ್ತಿ. ಬಂದರುಗಳು ಕಪ್ಪ ಕೊಡಬೇಕಿತ್ತು. ಆಕೆ ಪಟ್ಟಕ್ಕೆ ಬರುವ ಮುನ್ನವೇ, 1542ರಲ್ಲಿ, ಮಾರ್ಟಿಂ ಅಫೊನ್ಸೊ ಡಿಸೋಜಾ ಭಟ್ಕಳವನ್ನು ಸೂರೆಮಾಡಿ ಸುಟ್ಟಿದ್ದನು. 1560ರಲ್ಲಿ ಗೋವಾದಲ್ಲಿ ಧಾರ್ಮಿಕ ವಿಚಾರಣೆಯ ನ್ಯಾಯಾಲಯ ಸ್ಥಾಪನೆಯಾಯಿತು. ಅಲ್ಲಿನ ಕಿರುಕುಳ ತಾಳದೆ ಬಂದ ಕೊಂಕಣಿ ಕುಟುಂಬಗಳಿಗೆ ರಾಣಿ ಆಶ್ರಯವಿತ್ತಳೆಂದು ಕರಾವಳಿಯ ಜನ ಇಂದಿಗೂ ನೆನೆಯುತ್ತಾರೆ.

1565ರಲ್ಲಿ ತಾಳಿಕೋಟೆ ಯುದ್ಧದೊಂದಿಗೆ ವಿಜಯನಗರದ ಆಸರೆ ಕುಸಿಯಿತು. ನಾಲ್ಕೇ ವರ್ಷದಲ್ಲಿ, 1569ರಲ್ಲಿ, ಗೋವಾದ ವೈಸರಾಯ್ ಲೂಯಿಸ್ ಡಿ ಅಟೈಡ್ ಹೊನ್ನಾವರದ ಕೋಟೆಯನ್ನು ಗೆದ್ದುಕೊಂಡನು. ರಾಣಿ ಕೈಕಟ್ಟಿ ಕೂರಲಿಲ್ಲ. ಮರುವರ್ಷವೇ ಬಿಜಾಪುರದ ಸೈನ್ಯದ ನೆರವಿನಿಂದ ಕೋಟೆಯನ್ನು ಮುತ್ತಿದಳು. ಆ ಪ್ರಯತ್ನ ಫಲಿಸದಿದ್ದರೂ ಆಕೆಯ ರಾಜ್ಯ ಇನ್ನೂ ಮೂರು ದಶಕಕ್ಕೂ ಹೆಚ್ಚು ಕಾಲ ಉಳಿಯಿತು. ಅಹಿಂಸೆಯ ಧರ್ಮದವಳು ಕತ್ತಿ ಹಿಡಿಯಬಹುದೇ ಎಂದು ಕೇಳುವವರಿದ್ದಾರೆ. ಸಂಕಲ್ಪ ಮಾಡಿ ಕೊಲ್ಲುವ ಸಂಕಲ್ಪೀ ಹಿಂಸೆಯೇ ಬೇರೆ, ಮೇಲೆ ಬಿದ್ದವರನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆಯೇ ಬೇರೆ ಎಂದು ಜೈನ ಗೃಹಸ್ಥಾಚಾರ ವಿವೇಚಿಸುತ್ತದೆ.

ಕೊನೆಯ ಪೆಟ್ಟು ಬಿದ್ದದ್ದು ಕಡಲಿನ ಕಡೆಯಿಂದಲ್ಲ, ಘಟ್ಟದ ಮೇಲಿನಿಂದ. 1606ರಲ್ಲಿ ಕೆಳದಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದನು. ವೃದ್ಧ ರಾಣಿ ಇಕ್ಕೇರಿಯ ಸೆರೆಯಲ್ಲಿ ಕಣ್ಮುಚ್ಚಿದಳೆಂದು ಹೇಳಲಾಗುತ್ತದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಗೇರುಸೊಪ್ಪೆಗೆ ಬಂದಾಗ ಅರಮನೆ ಇದ್ದ ಜಾಗದಲ್ಲಿ ಕಾಡು ಬೆಳೆದಿತ್ತು. ಅವನು ಬಂದದ್ದು ಗೋವಾದಿಂದ ವೆಂಕಟಪ್ಪನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ. ಮಾತುಕತೆಯ ವಿಷಯಗಳಲ್ಲಿ ಕಾಳುಮೆಣಸೂ ಒಂದು.

ಆಳುವವರು ಬದಲಾದರು, ಅವರ ಆಸೆ ಬದಲಾಗಲಿಲ್ಲ. ಭಟ್ಕಳ, ಹೊನ್ನಾವರ, ಗೇರುಸೊಪ್ಪೆ ಹೀಗೆ ಒಂದೊಂದಾಗಿ ಬಲಿಯಾದವು. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳಬೇಕೆಂಬ ಶ್ರಾವಕರ ಅಣುವ್ರತ ಮನೆಗೆ ಮಾತ್ರವಲ್ಲ, ರಾಜ್ಯಕ್ಕೂ ಸಲ್ಲುವುದೆಂದು ಈ ಚರಿತ್ರೆ ತಿಳಿಸುತ್ತದೆ.

ನಗರಬಸ್ತಿಕೇರಿಯ ಕಾಡಿನ ನಡುವೆ ಕಲ್ಲಿನ ಚತುರ್ಮುಖ ಬಸದಿ ಇಂದಿಗೂ ನಿಂತಿದೆ. ನಾಲ್ಕು ದಿಕ್ಕಿಗೂ ಮುಖಮಾಡಿದ ಜಿನಬಿಂಬಗಳ ದರ್ಶನಕ್ಕೆ ಹೋಗುವವರು ರಾಣಿಯನ್ನೂ ಒಮ್ಮೆ ನೆನೆಯುವುದು ಯೋಗ್ಯ.