ಹಾಸ್ಯನಟ ಮಾಸ್ಸಿಮೊ ಟ್ರೊಯಿಸಿ

ನಗಿಸುವುದು ಸುಲಭವೆಂದು ತಿಳಿದವರುಂಟು. ಮುಖಕ್ಕೆ ಬಣ್ಣ ಬಳಿದುಕೊಂಡು, ಮೈ ಕುಣಿಸಿ, ಎಡವಿ ಬಿದ್ದು ನಗಿಸುವವರನ್ನು ನಾವೆಲ್ಲರೂ ಕಂಡಿದ್ದೇವೆ. ಅದೂ ಒಂದು ವಿದ್ಯೆಯೇ ಸರಿ. ಆದರೆ ಇದಾವುದೂ ಇಲ್ಲದೆ, ಆರಂಭಿಸಿದ ಮಾತನ್ನು ಮುಗಿಸಲಾರದೆ ತಡವರಿಸುತ್ತ, ನಾಚುತ್ತ, ಅರ್ಧ ನುಡಿದು ಅರ್ಧ ನುಂಗುತ್ತ ದೇಶಕ್ಕೆ ದೇಶವನ್ನೇ ನಗಿಸಿದ ನಟನೊಬ್ಬನು ಇಟಲಿಯಲ್ಲಿದ್ದನು. ಆತನ ಹೆಸರು ಮಾಸ್ಸಿಮೊ ಟ್ರೊಯಿಸಿ. ಬದುಕಿದ್ದು 41 ವರ್ಷ ಮಾತ್ರ. ನಿರ್ದೇಶಿಸಿದ ಚಿತ್ರಗಳು ಬೆರಳೆಣಿಕೆಯಷ್ಟು. ಆದರೂ ಆತನು ತೀರಿಕೊಂಡು ಮೂರು ದಶಕಗಳು ಕಳೆದ ಮೇಲೂ ನೇಪಲ್ಸಿನ ಜನ ಆತನನ್ನು ಮನೆಯ ಮಗನೆಂಬಂತೆ ನೆನೆಯುತ್ತಾರೆ. ಇದಕ್ಕೆ ಕಾರಣವೇನೆಂಬುದನ್ನು ತಿಳಿಯಲು ಆತನ ಜೀವನವನ್ನು ಸ್ವಲ್ಪ ನೋಡೋಣ.

ದಕ್ಷಿಣ ಇಟಲಿಯ ನೇಪಲ್ಸ್ ನಗರದ ಮಗ್ಗುಲಲ್ಲಿ ವೆಸೂವಿಯಸ್ ಜ್ವಾಲಾಮುಖಿಯಿದೆ. ಅದರ ತಪ್ಪಲಿನ ಸಾನ್ ಜಾರ್ಜೊ ಆ ಕ್ರೆಮಾನೊ ಎಂಬ ಊರಿನಲ್ಲಿ 1953ರ ಫೆಬ್ರುವರಿ 19ರಂದು ಟ್ರೊಯಿಸಿಯು ಜನಿಸಿದನು. ತಂದೆ ರೈಲ್ವೆಯಲ್ಲಿ ನೌಕರ, ತಾಯಿ ಗೃಹಿಣಿ. ಮನೆಯಲ್ಲಿ ಆರು ಮಂದಿ ಮಕ್ಕಳು. ಅವರ ಜೊತೆಗೆ ಅಜ್ಜ, ಅಜ್ಜಿ, ಬಂಧುಬಳಗ. ಸಂಪಾದನೆ ಕಡಿಮೆ, ಉಣ್ಣುವ ಬಾಯಿ ಹೆಚ್ಚು, ಮಾತಂತೂ ಧಾರಾಳ. ಒಬ್ಬರ ಮಾತು ಮುಗಿಯುವುದರೊಳಗೆ ಮತ್ತೊಬ್ಬರ ಮಾತು ನುಗ್ಗುವ ಇಂತಹ ತುಂಬು ಮನೆಯ ಗದ್ದಲವನ್ನು ಆತನ ಮೊದಲ ಚಿತ್ರಗಳಲ್ಲಿ ನಾವು ಕೇಳಬಹುದು.

ಬಾಲ್ಯದಲ್ಲಿಯೇ ಆತನಿಗೆ ರುಮ್ಯಾಟಿಕ್ ಜ್ವರವು ಮತ್ತೆ ಮತ್ತೆ ಬಂದಿತು. ಗಂಟಲುನೋವಿನ ಹಿಂದೆಯೇ ಬಂದು ಕೀಲುಗಳನ್ನು ಹಿಡಿಯುವ ಈ ಜ್ವರ ಕೆಲವರಲ್ಲಿ ಹೃದಯದ ಕವಾಟವನ್ನು ಕೆಡಿಸಿಬಿಡುತ್ತದೆ. ಬಡವರ ಇಕ್ಕಟ್ಟಾದ ಮನೆಗಳನ್ನು ಹುಡುಕಿಕೊಂಡು ಹೋಗುವ ಕಾಯಿಲೆಯಿದು. ಟ್ರೊಯಿಸಿಯ ಕವಾಟವೂ ಹಾಗೆಯೇ ಕೆಟ್ಟಿತು. ಅಂದಿನಿಂದ ಕೊನೆಯ ದಿನದವರೆಗೂ ಆತನು ಆ ದುರ್ಬಲ ಹೃದಯವನ್ನೇ ಹೊತ್ತು ನಡೆದನು.

ವಿದ್ಯಾಭ್ಯಾಸವು ತಾಂತ್ರಿಕ ಶಾಲೆಯಲ್ಲಿ ನಡೆದು, ಭೂಮಾಪನದಲ್ಲಿ ಡಿಪ್ಲೊಮಾ ದೊರೆಯಿತು. ಆದರೆ ಮನಸ್ಸೆಲ್ಲ ನಾಟಕದಲ್ಲಿತ್ತು. ಹದಿಹರೆಯದಲ್ಲಿ ಊರಿನ ಚರ್ಚಿನ ಚಿಕ್ಕ ರಂಗದ ಮೇಲೆ ಗೆಳೆಯರೊಡನೆ ಅಭಿನಯಿಸತೊಡಗಿದನು. ಮುಂದೆ ಅವರೆಲ್ಲ ಕೂಡಿ ಒಂದು ಹಳೆಯ ಗ್ಯಾರೇಜನ್ನೇ ರಂಗಮಂದಿರವನ್ನಾಗಿ ಮಾಡಿಕೊಂಡರು. ಅಷ್ಟರಲ್ಲಿ ಹೃದಯದ ತೊಂದರೆ ಉಲ್ಬಣಿಸಿತು. ಅಮೆರಿಕಕ್ಕೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕು. ರೈಲ್ವೆ ನೌಕರನ ಮನೆಯಲ್ಲಿ ಅಷ್ಟು ಹಣವೆಲ್ಲಿಂದ ಬರಬೇಕು? ಜನರು ಚಂದಾ ಎತ್ತಿ ಕೂಡಿಸಿದರು. 1976ರಲ್ಲಿ ಹ್ಯೂಸ್ಟನ್ ನಗರದಲ್ಲಿ ಚಿಕಿತ್ಸೆಯಾಗಿ ಆತನು ಬದುಕಿ ಬಂದನು. ಆಗ ಆತನಿಗೆ 23 ವರ್ಷ. ಊರಿನವರು ಕೊಟ್ಟ ಆಯುಷ್ಯದ ಋಣವನ್ನು ಆತನು ನಗೆಯ ರೂಪದಲ್ಲಿ ತೀರಿಸಿದನೆಂದರೆ ತಪ್ಪಾಗಲಾರದು.

ಲೆಲ್ಲೊ ಅರೇನ, ಎನ್ಜೊ ದೆಕಾರೊ ಎಂಬ ಇಬ್ಬರು ಗೆಳೆಯರೊಡನೆ ಟ್ರೊಯಿಸಿ ಕಟ್ಟಿದ ಮೂವರ ತಂಡಕ್ಕೆ ‘ಲಾ ಸ್ಮೋರ್ಫಿಯ’ ಎಂದು ಹೆಸರು. ಕನಸಿನಲ್ಲಿ ಕಂಡ ವಸ್ತುವಿಗೆ ಯಾವ ಲಾಟರಿ ಸಂಖ್ಯೆಯೆಂದು ಹೇಳುವ ಪುಸ್ತಕವನ್ನು ನೇಪಲ್ಸಿನವರು ಹಾಗೆ ಕರೆಯುತ್ತಾರೆ. ಒಂದು ಪ್ರಹಸನದಲ್ಲಿ ದೇವದೂತನು ಶುಭವಾರ್ತೆ ಹೊತ್ತು ಬಡ ಬೆಸ್ತನ ಹೆಂಡತಿಯ ಮನೆಗೆ ಬರುತ್ತಾನೆ. ಸೆರಗು ಹೊದೆದ ಟ್ರೊಯಿಸಿಯೇ ಆ ಹೆಂಗಸು. ಇನ್ನೊಂದರಲ್ಲಿ ಲಾಟರಿ ಹೊಡೆಯಲೆಂದು ಊರ ಕುಲದೈವದ ಮುಂದೆ ಭಕ್ತರ ಪೈಪೋಟಿ. ನಗುತ್ತ ನಗುತ್ತಲೇ ಅವು ನೇಪಲ್ಸಿನ ಬಡತನವನ್ನು ತೋರಿಸುತ್ತಿದ್ದವು. 1977ರಿಂದ ಇವು ದೂರದರ್ಶನದಲ್ಲಿ ಬಂದವು. ಮೂವರೂ ದೇಶದ ಮನೆಮನೆಗೂ ಪರಿಚಿತರಾದರು.

ಟ್ರೊಯಿಸಿಯ ಭಾಷೆಯ ಬಗೆಗೆ ಇಲ್ಲಿ ಒಂದೆರಡು ಮಾತು ಅವಶ್ಯ. ಇಟಲಿಯ ಶಾಲೆಗಳಲ್ಲಿ ಕಲಿಸುವ ಶಿಷ್ಟಭಾಷೆ ಫ್ಲಾರೆನ್ಸ್ ಸೀಮೆಯ ನುಡಿಯಿಂದ ಬೆಳೆದುದು. ನೇಪಲ್ಸಿನ ಆಡುನುಡಿಯೇ ಬೇರೆ. ಉತ್ತರದವರಿಗೆ ಅದು ಅರ್ಧಕ್ಕರ್ಧ ತಿಳಿಯುವುದಿಲ್ಲ. ಹೆಸರು ಮಾಡಬೇಕೆಂದಿದ್ದರೆ ಆ ನುಡಿಯನ್ನು ತಿದ್ದಿಕೊಳ್ಳಬೇಕಿತ್ತು. ಇಲ್ಲವೆ ಹಾಡು, ಮ್ಯಾಂಡೊಲಿನ್, ಕೈಬಾಯಿ ಆಡಿಸುವ ವಾಚಾಳಿತನ ಎಂಬ ನೇಪಲ್ಸಿನ ಹಳೆಯ ವೇಷವನ್ನಾದರೂ ಧರಿಸಬೇಕಿತ್ತು. ಟ್ರೊಯಿಸಿ ಎರಡನ್ನೂ ಮಾಡಲಿಲ್ಲ. ತನ್ನ ಮನೆಯಲ್ಲಿ ಆಡುತ್ತಿದ್ದ ನುಡಿಯನ್ನೇ, ತಾನು ಆಡುತ್ತಿದ್ದ ಹಾಗೆಯೇ, ತಡೆತಡೆದು ಆಡಿದನು. ಆಶ್ಚರ್ಯವೆಂದರೆ, ದೇಶವೇ ಕಿವಿಗೊಟ್ಟು ಕೇಳಿತು.

ಇದಕ್ಕೆ ಸಾಕ್ಷಿ 1981ರಲ್ಲಿ ತೆರೆಕಂಡ ಆತನ ಮೊದಲನೆಯ ಚಿತ್ರ. ಕಥೆ, ನಿರ್ದೇಶನ, ಮುಖ್ಯಪಾತ್ರ ಎಲ್ಲವೂ ಆತನದೇ. ಬರವಣಿಗೆಯಲ್ಲಿ ಅನ್ನ ಪವಿನ್ಯಾನೊ ಎಂಬ ಲೇಖಕಿ ಜೊತೆಗಿದ್ದಳು. ಚಿತ್ರದ ಹೆಸರಿಗೆ ಮೂರರಿಂದ ಮತ್ತೆ ಆರಂಭಿಸುತ್ತೇನೆ ಎಂದು ಅರ್ಥ. ನಾಯಕ ಗಯೆತಾನೊ ನೇಪಲ್ಸಿನ ಬಾಳಿಗೆ ಬೇಸತ್ತು ಫ್ಲಾರೆನ್ಸಿಗೆ ಹೊರಡುತ್ತಾನೆ. ಹೊಸ ಬದುಕನ್ನು ಸೊನ್ನೆಯಿಂದ ಆರಂಭಿಸುವುದು ಲೋಕರೂಢಿ. ಈತನ ಲೆಕ್ಕವೇ ಬೇರೆ. ಇಷ್ಟು ವರ್ಷಗಳಲ್ಲಿ ಮೂರು ಕೆಲಸಗಳಾದರೂ ತನಗೆ ಸರಿಯಾಗಿ ಕೂಡಿಬಂದಿವೆ, ಅವನ್ನೇಕೆ ಕಳೆದುಕೊಳ್ಳಬೇಕು? ಆದ್ದರಿಂದ ಮೂರರಿಂದಲೇ ಆರಂಭ!

ಫ್ಲಾರೆನ್ಸಿನಲ್ಲಿ ಆತನ ಊರಿನ ಹೆಸರು ಕೇಳಿದವರೆಲ್ಲ, ಕೆಲಸ ಹುಡುಕಿಕೊಂಡು ವಲಸೆ ಬಂದಿರಬೇಕೆಂದು ಭಾವಿಸುತ್ತಾರೆ. ನೇಪಲ್ಸಿನವನು ಸುಮ್ಮನೆ ಊರು ನೋಡಲೂ ಹೊರಡಬಹುದೆಂದು ವಿವರಿಸಿ ವಿವರಿಸಿ ಗಯೆತಾನೊ ದಣಿಯುತ್ತಾನೆ. ಎರಡನೆಯ ಮಹಾಯುದ್ಧದ ನಂತರ ದಕ್ಷಿಣದ ಲಕ್ಷಾಂತರ ಜನ ಉತ್ತರದ ಮಿಲಾನ್, ಟ್ಯೂರಿನ್ ನಗರಗಳ ಕಾರ್ಖಾನೆಗಳಿಗೆ ಗುಳೆ ಹೋಗಿದ್ದರು. ಆ ನೋವನ್ನು ಬಲ್ಲವರಿಗೆ ಈ ಹಾಸ್ಯದ ಮೊನೆ ತಿಳಿಯುತ್ತದೆ. ಚಿತ್ರದ ಕೊನೆಯಲ್ಲಿ ಹುಟ್ಟಲಿರುವ ಮಗುವಿಗೆ ಹೆಸರಿಡುವ ಚರ್ಚೆ. ಮಗುವಿನ ತಾಯಿಯಾಗುವವಳಿಗೆ ಮಾಸ್ಸಿಮಿಲಿಯಾನೊ ಎಂಬ ಉದ್ದದ ಹೆಸರು ಇಷ್ಟ. ಗಯೆತಾನೊ ಒಪ್ಪುವುದಿಲ್ಲ. ಅಷ್ಟುದ್ದದ ಹೆಸರನ್ನು ಕರೆದು ಮುಗಿಸುವುದರೊಳಗೆ ಮಗು ಎಲ್ಲಿಗೋ ಓಡಿಹೋಗಿರುತ್ತದೆ, ಹೇಳಿದ ಮಾತು ಕೇಳುವುದಿಲ್ಲ ಎಂಬುದು ಅವನ ವಾದ! ಆ ವರ್ಷದ ದಾವಿದ್ ದಿ ದೊನಾತೆಲ್ಲೊ ಪ್ರಶಸ್ತಿಗಳಲ್ಲಿ ಶ್ರೇಷ್ಠ ಚಿತ್ರ, ಶ್ರೇಷ್ಠ ನಟ ಎಂಬೆರಡೂ ಇದಕ್ಕೆ ಸಂದವು.

ಇಂತಹ ಗೆಲುವಿನ ನಂತರ ವರ್ಷಕ್ಕೆರಡು ಚಿತ್ರ ಮಾಡಿ ಹಣ ಗಳಿಸಬಹುದಿತ್ತು. ಟ್ರೊಯಿಸಿಗೆ ಅವಸರವಿರಲಿಲ್ಲ. ಎರಡನೆಯ ಚಿತ್ರ ಬಂದುದು 1983ರಲ್ಲಿ. ಅದರ ಹೆಸರೇ ತಡವಾದುದಕ್ಕೆ ಕ್ಷಮಿಸಿ ಎಂದು. ನಡುವೆ 1982ರಲ್ಲಿ ದೂರದರ್ಶನಕ್ಕಾಗಿ ಒಂದು ವಿಚಿತ್ರವಾದ ಚಿತ್ರ ಮಾಡಿದನು: ತಾನು ಸತ್ತಿರುವಂತೆಯೂ ಸ್ನೇಹಿತರು ತನ್ನನ್ನು ಸ್ಮರಿಸುತ್ತಿರುವಂತೆಯೂ ಅದರ ಕಥೆ. ತನ್ನ ಸಾವನ್ನೂ ನಗೆಯ ವಸ್ತುವಾಗಿಸಿಕೊಂಡ ಧೈರ್ಯವದು. 1984ರಲ್ಲಿ ರೊಬೆರ್ಟೊ ಬೆನೀನಿಯೊಡನೆ ಕೂಡಿ ಮಾಡಿದ ಚಿತ್ರದಲ್ಲಿ ಒಬ್ಬ ಉಪಾಧ್ಯಾಯನೂ ಒಬ್ಬ ಶಾಲಾ ಜವಾನನೂ ರೈಲ್ವೆ ಗೇಟಿನ ಬಳಿ ಕಾದು ಬೇಸತ್ತು, ಹತ್ತಿರದ ವಸತಿಗೃಹದಲ್ಲಿ ಮಲಗಿ, ಬೆಳಿಗ್ಗೆ ಏಳುವಾಗ 1492ನೆಯ ಇಸವಿಯಲ್ಲಿರುತ್ತಾರೆ! ಲಿಯೊನಾರ್ಡೊ ಡ ವಿಂಚಿಗೆ ರೈಲನ್ನು ವಿವರಿಸಲು ಹೆಣಗುತ್ತಾರೆ. ಕೊಲಂಬಸನ ಪ್ರಯಾಣವನ್ನು ತಡೆಯಲು ಸ್ಪೇನಿಗೆ ಓಡುತ್ತಾರೆ. ಇದು ಅಪಾರ ಜನಪ್ರಿಯವಾಯಿತು. 1989ರಲ್ಲಿ ಎತ್ತೊರೆ ಸ್ಕೋಲ ನಿರ್ದೇಶಿಸಿದ ತಂದೆ-ಮಗನ ಕಥೆಯೊಂದರಲ್ಲಿ ಮಾರ್ಚೆಲ್ಲೊ ಮಾಸ್ಟ್ರೊಯಾನಿಯ ಮಗನಾಗಿ ನಟಿಸಿ, ವೆನಿಸ್ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿಯನ್ನು ಆ ಮಹಾನಟನೊಡನೆ ಹಂಚಿಕೊಂಡನು. ನಗಿಸುವವನಿಗೆ ಅಳಿಸುವುದೂ ತಿಳಿದಿದೆಯೆಂದು ವಿಮರ್ಶಕರು ಆಗ ಮನಗಂಡರು.

ಕೊನೆಯ ಚಿತ್ರದ ಕಥೆಯೇ ಒಂದು ಕಥೆ. ಚಿಲಿ ದೇಶದ ಲೇಖಕ ಅಂತೋನಿಯೊ ಸ್ಕಾರ್ಮೆತ 1985ರಲ್ಲಿ ಒಂದು ಕಾದಂಬರಿಯನ್ನು ಪ್ರಕಟಿಸಿದ್ದನು. ಕವಿ ಪಾಬ್ಲೊ ನೆರೂಡನಿಗೆ ಕಾಗದ ತಂದುಕೊಡುವ ಅಂಚೆಯಾಳು ಕವಿತೆಗೆ ಮನಸೋಲುವ ಕಥೆಯದು. ನೆರೂಡನು ದೇಶಭ್ರಷ್ಟನಾಗಿ 1952ರಲ್ಲಿ ನೇಪಲ್ಸಿನ ಬಳಿಯ ಕಾಪ್ರಿ ದ್ವೀಪದಲ್ಲಿ ವಾಸಿಸಿದ್ದನು. ಟ್ರೊಯಿಸಿ ಆ ಕಾದಂಬರಿಯನ್ನು ತನ್ನ ಸೀಮೆಯ ದ್ವೀಪವೊಂದಕ್ಕೆ ತಂದನು. ನಿರ್ದೇಶನದ ಹೊಣೆಯನ್ನು ಇಂಗ್ಲಿಷ್ ಗೆಳೆಯ ಮೈಕೆಲ್ ರ‍್ಯಾಡ್‌ಫರ್ಡನಿಗೆ ವಹಿಸಿ, ತಾನು ಅಂಚೆಯಾಳು ಮಾರಿಯೊ ಆದನು. ಮಾರಿಯೊ ಬೆಸ್ತರ ಮಗ, ಓದು ಅಷ್ಟಕ್ಕಷ್ಟೇ. ರೂಪಕವೆಂದರೇನೆಂದು ಕವಿಯನ್ನು ಕೇಳಿ ಕಲಿಯುತ್ತಾನೆ. ಕವಿ ಹೊರಟುಹೋದ ಮೇಲೆ ದ್ವೀಪದ ಸದ್ದುಗಳನ್ನು ಅವನಿಗಾಗಿ ಮುದ್ರಿಸುತ್ತಾನೆ: ಅಲೆ, ಗಾಳಿ, ಬಲೆ, ಗಂಟೆ, ಕೊನೆಗೆ ಹೆಂಡತಿಯ ಗರ್ಭದಲ್ಲಿರುವ ಮಗುವಿನ ಎದೆಬಡಿತ.

ಆ ಎದೆಬಡಿತವನ್ನು ಮುದ್ರಿಸುವ ದೃಶ್ಯದಲ್ಲಿ ನಟಿಸಿದವನ ಸ್ವಂತ ಎದೆ ಸೋಲುತ್ತಿತ್ತು. 1994ರ ಆರಂಭದಲ್ಲಿಯೇ ವೈದ್ಯರು ಮತ್ತೆ ಶಸ್ತ್ರಚಿಕಿತ್ಸೆಯಾಗಬೇಕೆಂದು ತಿಳಿಸಿದ್ದರು. ಚಿತ್ರ ಮುಗಿಯಲಿ, ಆಮೇಲೆ ನೋಡೋಣವೆಂದು ಟ್ರೊಯಿಸಿ ಮುಂದೂಡಿದನು. ದಿನಕ್ಕೆ ಅಲ್ಪಹೊತ್ತು ಮಾತ್ರ ಕ್ಯಾಮರಾದ ಮುಂದೆ ನಿಲ್ಲುವ ಶಕ್ತಿ ಉಳಿದಿತ್ತು. ಸೈಕಲ್ ತುಳಿಯುವ ದೃಶ್ಯಗಳಲ್ಲಿ ಆತನನ್ನು ಹೋಲುವ ಬೇರೊಬ್ಬನನ್ನು ಬಳಸಿಕೊಂಡರು. ಜೂನ್ 3ರಂದು ಚಿತ್ರೀಕರಣ ಮುಗಿಯಿತು. ಮರುದಿನ, 1994ರ ಜೂನ್ 4ರಂದು, ರೋಮಿನ ಬಳಿ ಸೋದರಿಯ ಮನೆಯಲ್ಲಿ ನಿದ್ರಿಸುತ್ತಿದ್ದಾಗಲೇ ಆತನ ಹೃದಯ ನಿಂತಿತು. ಪೂರ್ಣಗೊಂಡ ಚಿತ್ರವನ್ನು ನೋಡುವ ಭಾಗ್ಯ ಆತನಿಗಿರಲಿಲ್ಲ. 1996ರ ಆಸ್ಕರ್ ಪ್ರಶಸ್ತಿಗೆ ಆ ಚಿತ್ರ ಐದು ವಿಭಾಗಗಳಲ್ಲಿ ಸೂಚಿತವಾಯಿತು. ಅವುಗಳಲ್ಲೊಂದು, ತೀರಿಹೋದ ನಾಯಕನಟನಿಗೆ. ಕೊನೆಗೆ ಬಹುಮಾನ ಬಂದುದು ಲೂಯಿಸ್ ಬಕಾಲೊವನ ಸಂಗೀತಕ್ಕೆ.

ಚಿಕಿತ್ಸೆಯನ್ನು ಮುಂದೂಡಿದುದು ಸರಿಯೇ ಎಂದು ಕೇಳುವವರಿದ್ದಾರೆ. ಪ್ರಾಣಕ್ಕಿಂತ ಚಿತ್ರ ದೊಡ್ಡದೆಂದು ನಾನು ಹೇಳಲಾರೆ. ಆತನು ಬದುಕಿದ್ದರೆ ಇನ್ನೂ ಎಷ್ಟೋ ಚಿತ್ರಗಳು ಬರುತ್ತಿದ್ದವು. ಆದುದರಿಂದ ಆತನ ಸಾವಿನಿಂದ ನಾವು ಕಲಿಯಬೇಕಾದುದೇನೂ ಇಲ್ಲ, ಕಲಿಯಬೇಕಾದುದೆಲ್ಲ ಬಾಳಿನಿಂದ. ಓದು ಕಾಣದ ಮನೆಗಳಿಂದ ಕಾಲೇಜಿಗೆ ಬಂದ ನಮ್ಮಂಥವರು ಮೊದಲು ಮಾಡುವ ಕೆಲಸವೆಂದರೆ ಮನೆಯ ಮಾತನ್ನು ಮರೆಮಾಚುವುದು. ತರಗತಿಯಲ್ಲಿ ಎದ್ದು ನಿಂತರೆ ನಾಲಗೆ ತಡವರಿಸುತ್ತದೆ. ಹಿಂದಿನದನ್ನೆಲ್ಲ ಅಳಿಸಿ ಸೊನ್ನೆಯಿಂದ ಆರಂಭಿಸೋಣವೆನ್ನಿಸುತ್ತದೆ. ರೈಲ್ವೆ ನೌಕರನ ಮಗನಾದ ಟ್ರೊಯಿಸಿ ಆ ತಡವರಿಕೆಯನ್ನೇ ಕಲೆಯಾಗಿಸಿದನು. ಮನೆಯಿಂದ ತಂದುದನ್ನು ಎಣಿಸಿ ನೋಡಿ, ಮೂರಿದ್ದರೆ ಮೂರರಿಂದಲೇ ಹೊರಟನು. ಹುಟ್ಟಿದ ಊರಿನ ಸ್ಮಶಾನದಲ್ಲಿಯೇ ಆತನಿಂದು ಮಲಗಿದ್ದಾನೆ. ನಮ್ಮ ಕೈಯಲ್ಲಿಯೂ ಎಷ್ಟಿದೆಯೆಂದು ಒಮ್ಮೆ ಎಣಿಸಿಕೊಳ್ಳೋಣ.