ಹಾಲಿ ಸಿಕ್ಕಾ ರೂಪಾಯಿ ಮತ್ತು ದಿವಾನ ಸಾಲಾರ್ ಜಂಗ್

ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಭಾಗದಲ್ಲಿ ಒಂದು ಕಾಲಕ್ಕೆ ಎರಡು ಬಗೆಯ ಬೆಳ್ಳಿ ರೂಪಾಯಿ ಓಡಾಡುತ್ತಿದ್ದವು. ನಿಜಾಮರದು ಹಾಲಿ ಸಿಕ್ಕಾ, ಇಂಗ್ಲಿಷರದು ಕಲ್ದಾರ್. ಹಾಲಿ ಸಿಕ್ಕಾ ಚಲಾವಣೆಗೆ ತಂದವರು ಹೈದರಾಬಾದ್ ದಿವಾನ ಮೊದಲನೇ ಸಾಲಾರ್ ಜಂಗ್.

ಇವರ ಮೂಲ ಹೆಸರು ಮೀರ್ ತುರಾಬ್ ಅಲಿ ಖಾನ್. ಜನನ 1829ರಲ್ಲಿ. ದಿವಾನರಾಗಿದ್ದ ಚಿಕ್ಕಪ್ಪ ಸಿರಾಜ್ ಉಲ್ ಮುಲ್ಕ್ 1853ರಲ್ಲಿ ತೀರಿಕೊಂಡಾಗ ಆ ಹುದ್ದೆ ಇವರಿಗೆ ಬಂತು. ಆಗ ವಯಸ್ಸು 24. ಅದೇ ತಿಂಗಳು ಸಾಲದ ಬಾಬ್ತು ಬೇರಾರ್, ರಾಯಚೂರು ದೋಆಬ್ ಮತ್ತು ಧಾರಾಶಿವ ಇಂಗ್ಲಿಷರ ಕೈಸೇರಿದ್ದವು. ಖಜಾನೆ ಬರಿದಾಗಿತ್ತು.

ಆಗ ರಾಜ್ಯದಲ್ಲಿ ಹಲವು ಟಂಕಸಾಲೆಗಳಿದ್ದವು. ಖಾಸಗಿಯವರೂ ನಾಣ್ಯ ಹೊಡೆಯುತ್ತಿದ್ದರು. ಒಂದರ ತೂಕ ಇನ್ನೊಂದಕ್ಕಿಲ್ಲ, ಬೆಳ್ಳಿಯ ಶುದ್ಧತೆಯೂ ಬೇರೆ. ಒಂದೂರಿನ ರೂಪಾಯಿ ಇನ್ನೊಂದೂರಿನ ಸಂತೆಗೆ ಹೋದರೆ ಸರಾಫರು ವಟಾವು ಮುರಿದುಕೊಳ್ಳುತ್ತಿದ್ದರು. ನಷ್ಟ ರೈತನಿಗೆ. ಸಾಲಾರ್ ಜಂಗ್ ಹೈದರಾಬಾದಿನ ಸರ್ಕಾರಿ ಟಂಕಸಾಲೆಯಿಂದ ಒಂದೇ ಬಗೆಯ ರೂಪಾಯಿ ಹೊರಡಿಸಿ, ಉಳಿದವನ್ನು ಕ್ರಮೇಣ ಮುಚ್ಚಿಸಿದರು. ಹಾಲಿ ಎಂದರೆ ಸದ್ಯದ, ಚಾಲ್ತಿಯಲ್ಲಿರುವ ಎಂದು ಅರ್ಥ. 1857ರ ದಂಗೆಯ ನಂತರ ನಾಣ್ಯದ ಮೇಲಿದ್ದ ದಿಲ್ಲಿ ಬಾದಶಹನ ಹೆಸರು ಹೋಗಿ ಆಸಫ್ ಜಾಹ್ ಹೆಸರು ಬಂತು.

ಆ ದಂಗೆಯಲ್ಲಿ ಸಾಲಾರ್ ಜಂಗ್ ಇಂಗ್ಲಿಷರ ಪರ ನಿಂತರು. 1857ರ ಜುಲೈ 17ರಂದು ತುರ್ರೆಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನ್ ಮುಂದಾಳತ್ವದಲ್ಲಿ ಹೈದರಾಬಾದ್ ರೆಸಿಡೆನ್ಸಿಯ ಮೇಲೆ ದಾಳಿ ನಡೆಯಿತು, ಅದು ವಿಫಲವಾಯಿತು. ತುರ್ರೆಬಾಜ್ ಖಾನ್ 1859ರಲ್ಲಿ ತೂಪ್ರಾನ್ ಬಳಿ ಕೊಲ್ಲಲ್ಪಟ್ಟರು. ಇತ್ತ 1860ರಲ್ಲಿ ರಾಯಚೂರು, ಧಾರಾಶಿವ ನಿಜಾಮರಿಗೆ ಮರಳಿದವು. ಒಬ್ಬರಿಗೆ ರಾಜ್ಯ ಉಳಿಸಿದ ದಿವಾನ, ಇನ್ನೊಬ್ಬರಿಗೆ ಪರಕೀಯರ ಬೆಂಬಲಿಗ. ಈ ಎರಡು ಅಭಿಪ್ರಾಯ ಇಂದಿಗೂ ಇವೆ.

ಕಂದಾಯ ವಸೂಲಿಯ ಗುತ್ತಿಗೆ ಪದ್ಧತಿ ತೆಗೆದು ಸಂಬಳದ ಅಧಿಕಾರಿಗಳನ್ನು ನೇಮಿಸಿದರು. 1865ರಲ್ಲಿ ಜಿಲ್ಲಾಬಂದಿ ಜಾರಿಗೆ ಬಂತು. 1874ರಲ್ಲಿ ತಾಂಡೂರು ಮಾರ್ಗವಾಗಿ ವಾಡಿ-ಸಿಕಂದರಾಬಾದ್ ರೈಲು ಶುರುವಾಯಿತು. ಆದರೆ ಬೇರಾರ್ ಮಾತ್ರ ಕೈಗೆ ಬರಲಿಲ್ಲ. 1876ರಲ್ಲಿ ಇಂಗ್ಲೆಂಡಿಗೇ ಹೋಗಿ ಬಂದರೂ ಪ್ರಯೋಜನವಾಗಲಿಲ್ಲ.

1883ರ ಫೆಬ್ರವರಿ 8ರಂದು ಕಾಲರಾ ಬೇನೆಯಿಂದ ಸಾಲಾರ್ ಜಂಗ್ ತೀರಿಕೊಂಡರು. ಅವರ ರೂಪಾಯಿ ಮತ್ತೂ 70 ವರ್ಷ ಬದುಕಿತು. ಚಾರ್ಮಿನಾರ್ ಚಿತ್ರದ ನಾಣ್ಯ ಬಂದದ್ದು ಆರನೇ ನಿಜಾಮರ ಕಾಲದಲ್ಲಿ. ಕೊನೆಗೆ 7 ಹಾಲಿ ರೂಪಾಯಿಗೆ 6 ಕಲ್ದಾರ್ ರೂಪಾಯಿ ಲೆಕ್ಕ ನಿಂತಿತು. 1950ರ ದಶಕದಲ್ಲಿ ಹಾಲಿ ಸಿಕ್ಕಾ ಚಲಾವಣೆಯಿಂದ ಹೋಯಿತು. 1956ರಲ್ಲಿ ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ್, ಗುಲ್ಬರ್ಗಾ ಜಿಲ್ಲೆಯ ತಾಂಡೂರು ಆಂಧ್ರ ಪ್ರದೇಶಕ್ಕೆ ಸೇರಿದವು.